ನಮ್ಮ ಬಾಲಿಕೆಯರಿಗೆ ಶಿಲಾಪರಿಚಯವೇಕೆ?

ಕಳೆದ ವರ್ಷದಿಂದ ನಮ್ಮ ಪ್ರೌಢಶಾಲೆಯ ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳಲ್ಲಿ ಶುಕ್ರವಾರದ ಕಡೆಯ ಪಾಠದ ವೇಳೆಯನ್ನು ಕಲ್ಲುಗಳ ಪರೀಕ್ಷೆಗಾಗಿ ಮೀಸಲಿಟ್ಟಿರುವ ಸಂಗತಿಯು ನಮ್ಮ ವಿದ್ಯಾರ್ಥಿನಿಯರ ತಂದೆತಾಯಿಗಳಿಗೆ ತಿಳಿದೇ ಇದೆ. ತಿಳಿಯದಿರುವುದು ಸಾಧ್ಯವೂ ಇಲ್ಲ. ಏಕೆಂದರೆ ಹುಡುಗಿಯರ ಲಂಗದ ಜೇಬುಗಳಲ್ಲಿ ಸೇರಿ ಮನೆಗೆ ಹೋದ ಬೆಣಚುಕಲ್ಲುಗಳು ಬಟ್ಟೆ ಒಗೆಯುವ ಯಂತ್ರದೊಳಗೆ ಉರುಳಾಡಿ ಎಬ್ಬಿಸಿದ ಸದ್ದನ್ನು ಕುರಿತು ನಮಗೆ ಬಂದಿರುವ ದೂರುಗಳು ಒಂದೆರಡಲ್ಲ. ಇವುಗಳಿಗಿಂತ ಹೆಚ್ಚು ಯೋಚನೆಗೆ ತಕ್ಕ ಆಕ್ಷೇಪಗಳೂ ಬಂದಿವೆ. ಸಾರ್ವಜನಿಕ ಪರೀಕ್ಷೆಯಲ್ಲಿ ಕಲ್ಲಿಗೆ ದೊರೆಯುವ ಅಂಕಗಳು ಅತ್ಯಲ್ಪವಾಗಿರುವಾಗ ಆ ವೇಳೆಯನ್ನು ಗಣಿತಕ್ಕೆ ಕೊಡಬಾರದೇ ಎಂದು ಒಬ್ಬ ತಂದೆಯವರು ಬಹು ಮರ್ಯಾದೆಯಿಂದ ಬರೆದು ಕೇಳಿದ್ದಾರೆ. ಬಂಡೆಗಳ ಮೇಲೆ ಹತ್ತಿ ಇಳಿಯುವುದು ಗಂಡುಹುಡುಗರ ಕೆಲಸವೆಂಬುದು ಮತ್ತೊಬ್ಬರ ಅಭಿಪ್ರಾಯ. ಇನ್ನೊಬ್ಬ ಹಿರಿಯ ತಾಯಿಯವರಂತೂ ಶಾಲೆಗೇ ದಯಮಾಡಿಸಿ, "ಅಮ್ಮನವರೇ, ಕಲ್ಲು ನೋಡಿ ಹೇಳುವುದಕ್ಕೆ ಅಕ್ಕಸಾಲಿ ಇದ್ದಾನಲ್ಲ, ನಮ್ಮ ಮೊಮ್ಮಗಳಿಗೆ ಆ ಕಷ್ಟ ಏಕೆ?" ಎಂದು ಕೇಳಿದರು.

ಈ ಸ್ಮರಣ ಸಂಚಿಕೆಯು ತಂದೆತಾಯಿಗಳ ಕೈಗೂ ನಮ್ಮ ಹಳೆಯ ವಿದ್ಯಾರ್ಥಿನಿಯರ ಕೈಗೂ ಸೇರತಕ್ಕದ್ದಾದುದರಿಂದ, ಈ ಪಾಠವು ಏಕೆ ಬೇಕೆಂದು ನಾವು ನಂಬಿದ್ದೇವೋ ಅದನ್ನು ಇಲ್ಲಿಯೇ ತಿಳಿಸುವುದು ಲೇಸೆಂದು ತೋರಿತು. ಆ ಹಿರಿಯ ತಾಯಿಯವರ ಪ್ರಶ್ನೆಯೇ ಇವುಗಳಲ್ಲೆಲ್ಲ ಮುಖ್ಯವಾದುದೆಂದು ನಮ್ಮ ಎಣಿಕೆ.

ಕಲ್ಲು ಗಂಡಸರ ವಸ್ತುವೆಂಬ ಮಾತು ನಮಗೆ ಸೋಜಿಗವಾಗಿ ತೋರುತ್ತದೆ. ನಮ್ಮ ದೇಶದಲ್ಲಿ ದಿನವೂ ಕಲ್ಲನ್ನು ಮುಟ್ಟಿ ಬದುಕಿದವರು ಯಾರು? ಒರಳು, ರುಬ್ಬುಗುಂಡು, ಬೀಸುವ ಕಲ್ಲು, ಅರೆಯುವ ಕಲ್ಲು, ಇವೆಲ್ಲ ಯಾರ ಕೈಯಲ್ಲಿ ಸವೆದವು? ಒರಳಿಗೆ ಗಟ್ಟಿಯಾದ ಕಾಡುಗಲ್ಲೇ ಆಗಬೇಕು, ಬಳಪದ ಕಲ್ಲು ಕೂಡದೆಂದು ನಮ್ಮ ಅಜ್ಜಿಯರಿಗೆ ಯಾವ ಪುಸ್ತಕವೂ ಹೇಳಿಕೊಡಲಿಲ್ಲ. ಹುಳಿಯ ಪದಾರ್ಥವನ್ನು ಇಡುವುದಕ್ಕೆ ಬಳಪದ ಕಲ್ಲಿನ ಪಾತ್ರೆಯೇ ಒಳ್ಳೆಯದೆಂಬುದೂ ಅವರಿಗೆ ಗೊತ್ತಿತ್ತು. ಈಗಿನ ಅಡಿಗೆಮನೆಗಳಲ್ಲಿ ಹಾಸಿರುವ ಕಡಪದ ಕಲ್ಲಿನ ಮೇಲೆ ನಿಂಬೆಯ ರಸ ಬಿದ್ದು ಒಣಗಿದರೆ ಮೆರುಗು ಹೋಗಿ ಮಸುಕು ಕಲೆ ಉಳಿಯುವುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಕಂಡಿರಬಹುದು. ಅದು ಸುಣ್ಣಕಲ್ಲಿನ ಜಾತಿ. ಹುಳಿಯು ಸುಣ್ಣವನ್ನು ತಿನ್ನುತ್ತದೆ. ಅದರ ಪಕ್ಕದ ಮನೆಯಲ್ಲಿ ಅದೇ ಕಪ್ಪು ಬಣ್ಣದ ಮತ್ತೊಂದು ಕಲ್ಲು ಹುಳಿಗೆ ಜಗ್ಗದೆ ಇರುತ್ತದೆ. ವ್ಯಾಪಾರದಲ್ಲಿ ಅದಕ್ಕೆ ಕಪ್ಪು ಗ್ರಾನೈಟು ಎಂದು ಹೆಸರು. ಶಿಲಾಶಾಸ್ತ್ರದವರ ಲೆಕ್ಕದಲ್ಲಿ ಅದು ಗ್ರಾನೈಟೇ ಅಲ್ಲ, ಚಾಮರಾಜನಗರದ ಕಡೆಯ ಗಣಿಗಳಿಂದ ಬರುವ ಡಾಲೆರೈಟು ಎಂಬ ಬೇರೊಂದು ಅಗ್ನಿಶಿಲೆ. ಎರಡೂ ಕಪ್ಪೇ, ಎರಡೂ ನುಣುಪೇ. ಬಿಡಿಸಿ ಹೇಳುವುದಕ್ಕೆ ಒಂದು ತೊಟ್ಟು ನಿಂಬೆರಸ ಸಾಕು.

ಬಣ್ಣವನ್ನು ನಂಬಿ ಕಲ್ಲಿಗೆ ಹೆಸರಿಡಬಾರದೆಂಬ ಈ ಒಂದು ಮಾತನ್ನು ಕಲಿಸುವುದಕ್ಕೇ ನಮಗೆ ಮೊದಲಿನ ಎರಡು ತಿಂಗಳು ಹಿಡಿಯಿತು. ನಾವು ಉಪಾಧ್ಯಾಯಿನಿಯರ ತರಬೇತಿ ಶಾಲೆಯಲ್ಲಿ ಓದುತ್ತಿದ್ದಾಗ ಮರದ ಪೆಟ್ಟಿಗೆಯೊಂದರಲ್ಲಿ ಮೂವತ್ತು ಮನೆಗಳನ್ನು ಮಾಡಿ, ಮನೆಗೊಂದು ಕಲ್ಲನ್ನಿಟ್ಟು, ಅಂಕಿ ಹಚ್ಚಿ ಕೊಡುತ್ತಿದ್ದರು. ಹುಡುಗಿಯರು ಕಲ್ಲನ್ನು ಕಲಿಯದೆ ಮನೆಗಳನ್ನು ಕಲಿತರು. ಎರಡನೆಯ ಸಾಲಿನ ಮೂರನೆಯದು ಜಿಪ್ಸಂ, ಅದರ ಪಕ್ಕದ್ದು ಕ್ಯಾಲ್ಸೈಟು ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದ ಜಾಣೆಯರು, ಯಾರೋ ಪೆಟ್ಟಿಗೆಯನ್ನು ಒರಸುವಾಗ ಕಲ್ಲುಗಳನ್ನು ಅದಲುಬದಲು ಮಾಡಿದ ದಿನ ಬಾಯಿ ಕಟ್ಟಿ ನಿಂತರು. ಅಂಥ ಪೆಟ್ಟಿಗೆ ನಮ್ಮ ಶಾಲೆಯಲ್ಲಿಯೂ ಒಂದಿದೆ. ಅದರ ಚೀಟಿಗಳನ್ನೆಲ್ಲ ಕಿತ್ತು ಹಾಕಿಸಿದ್ದೇವೆ. ಈಗ ಪ್ರತಿಯೊಂದು ಕಲ್ಲಿಗೂ ಹೆಸರನ್ನು ಹುಡುಗಿಯರೇ ಸಂಪಾದಿಸಬೇಕು.

ಸಂಪಾದಿಸುವ ಬಗೆ ಕಷ್ಟವಾದುದೇನಲ್ಲ. ಮೊದಲನೆಯದು ಕಾಠಿನ್ಯ. ಫ್ರೀಡ್ರಿಕ್ ಮೋಸ್ ಎಂಬ ಜರ್ಮನ್ ವಿದ್ವಾಂಸರು ೧೮೧೨ರಲ್ಲಿ, ಯಾವುದು ಯಾವುದನ್ನು ಗೀರುತ್ತದೆಯೆಂಬುದರ ಮೇಲೆ ಹತ್ತು ಖನಿಜಗಳನ್ನು ಮೆಟ್ಟಿಲುಗಳಂತೆ ಜೋಡಿಸಿದರು: ಬಳಪದ ಕಲ್ಲು ೧, ಜಿಪ್ಸಂ ೨, ಕ್ಯಾಲ್ಸೈಟು ೩, ಫ್ಲೂರೈಟು ೪, ಅಪಟೈಟು ೫, ಫೆಲ್ಡ್‌ಸ್ಪಾರು ೬, ಬೆಣಚು ೭, ಟೋಪಾಜು ೮, ಕುರುಂದ ೯, ವಜ್ರ ೧೦. (ಕಲ್ಲಿನ ಮೋಸವನ್ನು ಬಯಲು ಮಾಡಿದವರ ಹೆಸರೇ ಮೋಸ್ ಆಯಿತೆಂದು ನಮ್ಮ ಹುಡುಗಿಯರು ಎಷ್ಟು ಸಲ ನಕ್ಕರೂ ತೃಪ್ತರಾಗರು. ಹೆಸರು ಮರೆಯದಿರಲಿ ಎಂದು ನಾವೂ ಸುಮ್ಮನಿದ್ದೇವೆ.) ನಮ್ಮ ಬೆರಳಿನ ಉಗುರು ಎರಡೂವರೆ, ಹಳೆಯ ತಾಮ್ರದ ಕಾಸು ಸುಮಾರು ಮೂರು, ಚಾಕುವಿನ ಅಲಗೂ ಕಿಟಕಿಯ ಗಾಜೂ ಸುಮಾರು ಐದೂವರೆ. ಇಷ್ಟು ಸಾಮಗ್ರಿ ಯಾವ ಬಡಮನೆಯಲ್ಲಿಲ್ಲ? ಮಗುವು ಅಕ್ಷರ ತಿದ್ದುವ ಬಳಪವೇ ಮೆಟ್ಟಿಲಿನ ತಳದಲ್ಲಿ ಕುಳಿತಿದೆ. ಬೇಲೂರು ಹಳೇಬೀಡುಗಳ ಶಿಲ್ಪಿಗಳು ಕಲ್ಲಿನಲ್ಲಿ ಆಭರಣದ ಕುಸುರಿಯನ್ನು ಬಿಡಿಸಲು ಸಾಧ್ಯವಾದುದು ಆ ಮೃದುವಾದ ಬಳಪದ ಕಲ್ಲಿನ ದೆಸೆಯಿಂದಲೇ ಎಂದು ಹೇಳಿದಾಗ, ಬೇಲೂರಿನ ಪ್ರವಾಸಕ್ಕೆ ಹೋಗಿಬಂದಿದ್ದ ಹುಡುಗಿಯರು ತಮ್ಮ ಬಳಪದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು.

ಎರಡನೆಯದು ಒರೆ. ಇದನ್ನು ನಮ್ಮವರಿಗೆ ಹೊಸದಾಗಿ ಹೇಳಬೇಕಾದುದೇ ಇಲ್ಲ. ಅಕ್ಕಸಾಲಿಯ ಒರೆಗಲ್ಲು ಮಾಡುವ ಕೆಲಸ ಇದೇ. ಕಲ್ಲಿನ ಮೈಬಣ್ಣ ಹೇಗೇ ಇರಲಿ, ಅದರ ಪುಡಿಯ ಬಣ್ಣ ಸುಳ್ಳು ಹೇಳುವುದು ಅಪರೂಪ. ಗೋಡೆಗೆ ಹಚ್ಚುವ ಪಿಂಗಾಣಿ ಬಿಲ್ಲೆಯ ಹಿಂಬದಿಯ ಒರಟಾದ ಬಿಳಿಯ ಭಾಗದ ಮೇಲೆ ಉಜ್ಜಿ ನೋಡುತ್ತೇವೆ. ಸಂಡೂರಿನಿಂದ ಬಂದ ನಾಲ್ಕು ಕಬ್ಬಿಣದ ಅದಿರಿನ ತುಂಡುಗಳಲ್ಲಿ ಒಂದು ಮಣ್ಣಿನಂತೆ ಕೆಂಪು, ಒಂದು ಬೂದು, ಒಂದು ಕಡುಗಪ್ಪು, ಮತ್ತೊಂದು ಉಕ್ಕಿನಂತೆ ಥಳಥಳಿಸುವುದು. ನಾಲ್ಕನ್ನೂ ಉಜ್ಜಿದಾಗ ಬಿಲ್ಲೆಯ ಮೇಲೆ ಬಿದ್ದುದು ಒಂದೇ ಬಗೆಯ ಕೆಂಪು ಗೆರೆ. ಅದು ಹೆಮಟೈಟು. ಕುದುರೆಮುಖದ ಕಡೆಯ ಮ್ಯಾಗ್ನೆಟೈಟಾದರೋ ಕಪ್ಪು ಗೆರೆಯನ್ನು ಬಿಡುತ್ತದೆ, ಅಯಸ್ಕಾಂತಕ್ಕೂ ಅಂಟಿಕೊಳ್ಳುತ್ತದೆ. ಚಿನ್ನದಂತೆ ಹೊಳೆಯುವ ಪೈರೈಟು ಹಸಿರು ಬೆರೆತ ಕಪ್ಪು ಗೆರೆಯನ್ನು ಕೊಟ್ಟು ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. ನಿಜವಾದ ಚಿನ್ನದ ಒರೆ ಚಿನ್ನದ ಬಣ್ಣದ್ದೇ. ಕಾಗೆಬಂಗಾರಕ್ಕೆ ಒರೆಯೂ ಬೇಡ, ಉಗುರಿನಿಂದ ಪದರ ಎದ್ದರೆ ಅದು ಅಭ್ರಕ.

ಮೂರನೆಯದಾದ ತೂಕದ ಪರೀಕ್ಷೆಯನ್ನು ಕುರಿತು ನಾವು ಗಣಿತದ ಪಕ್ಷವಹಿಸಿದ ತಂದೆಯವರಿಗೆ ವಿಶೇಷವಾಗಿ ಅರಿಕೆ ಮಾಡಬೇಕಾಗಿದೆ. ಕಲ್ಲನ್ನು ಗಾಳಿಯಲ್ಲಿ ತೂಗಿ, ದಾರಕ್ಕೆ ಕಟ್ಟಿ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿ, ನೀರಿನಲ್ಲಿ ಕಡಮೆಯಾದ ತೂಕದಿಂದ ಮೊದಲಿನ ತೂಕವನ್ನು ಭಾಗಿಸಿದರೆ ವಿಶಿಷ್ಟ ಗುರುತ್ವ ದೊರೆಯುತ್ತದೆ. ಗಾಳಿಯಲ್ಲಿ ೫೩ ಗ್ರಾಂ ಇದ್ದ ಕಲ್ಲು ನೀರಿನಲ್ಲಿ ೩೩ ಗ್ರಾಂ ತೂಗಿದರೆ, ೫೩ನ್ನು ೨೦ರಿಂದ ಭಾಗಿಸಿ ೨.೬೫, ಅದು ಬೆಣಚಿನ ಅಂಕೆ. ಹೆಮಟೈಟು ಐದರ ಮೇಲೆ, ಸೀಸದ ಅದಿರು ಏಳೂವರೆಯ ಸುತ್ತ, ಅಪ್ಪಟ ಚಿನ್ನ ೧೯.೩. ದಶಮಾಂಶ ಭಾಗಾಕಾರವೆಂದರೆ ಅಳುತ್ತಿದ್ದ ಬಾಲಿಕೆಯೊಬ್ಬಳು ಈ ಲೆಕ್ಕವನ್ನು ತಾನಾಗಿಯೇ ಮೂರು ಸಲ ಮಾಡಿದುದನ್ನು ನಾವು ಕಣ್ಣಾರೆ ಕಂಡಿದ್ದೇವೆ, ಏಕೆಂದರೆ ಆ ಉತ್ತರದಲ್ಲಿ ಅವಳಿಗೆ ತಿಳಿಯಬೇಕಾದುದೊಂದು ಇತ್ತು. ಆ ಶುಕ್ರವಾರದ ವೇಳೆಯು ಗಣಿತಕ್ಕೆ ಸಲ್ಲಲಿಲ್ಲವೆಂದು ಹೇಗೆ ಹೇಳೋಣ?

ಇನ್ನು ಆ ಹಿರಿಯ ತಾಯಿಯವರ ಪ್ರಶ್ನೆಗೆ ಬರೋಣ. ಅಕ್ಕಸಾಲಿ ಇದ್ದಾನೆ, ನಿಜ. ತಲೆತಲಾಂತರದಿಂದ ಒಂದೇ ಮನೆಗೆ ಒಡವೆ ಮಾಡಿಕೊಟ್ಟು, ಮನೆಯವರಂತೆಯೇ ಇದ್ದ ಅಕ್ಕಸಾಲಿಗಳನ್ನು ನಾವೂ ಬಲ್ಲೆವು. ಅವರ ಮಾತೇ ಪ್ರಮಾಣವಾಗಿದ್ದುದರಲ್ಲಿ ತಪ್ಪಿರಲಿಲ್ಲ. ಆದರೆ ನಮ್ಮ ಬಾಲಿಕೆಯರು ನಾಳೆ ಬದುಕುವುದು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಸಮುದ್ರದಾಚೆಯಲ್ಲೋ. ಅಲ್ಲಿ ಅವರ ಒಡವೆಯನ್ನು ಕೈಗೆ ತೆಗೆದುಕೊಳ್ಳುವವನಿಗೆ ಅವರ ಅಜ್ಜಿಯ ಪರಿಚಯವಿರುವುದಿಲ್ಲ. ಮೇಲಾಗಿ, ನಮ್ಮ ಸಮಾಜದಲ್ಲಿ ಮನೆ ಗದ್ದೆಗಳು ಯಾರ ಹೆಸರಿನಲ್ಲಿದ್ದರೂ, ಹೆಣ್ಣು ತನ್ನದೆಂದು ಹೇಳಬಹುದಾದ ಆಸ್ತಿ ಬಹುಮಟ್ಟಿಗೆ ಅವಳ ಕೊರಳಲ್ಲಿಯೂ ಕಿವಿಯಲ್ಲಿಯೂ ಇರುತ್ತದೆ. ತನ್ನ ಏಕಮಾತ್ರ ಆಸ್ತಿಯು ಏನೆಂಬುದನ್ನು ತಾನರಿಯದೆ, ಕೊಳ್ಳುವಾಗಲೂ ಮಾರುವಾಗಲೂ ಪರರ ಬಾಯನ್ನೇ ನೋಡಬೇಕಾದವಳನ್ನು ವಿದ್ಯಾವಂತೆಯೆಂದು ಕರೆಯಲು ನಮಗೆ ಮನಸ್ಸೊಪ್ಪುವುದಿಲ್ಲ.

ಇದಕ್ಕೊಂದು ನಿದರ್ಶನವನ್ನು, ಸಂಬಂಧಪಟ್ಟವಳ ಅನುಮತಿಯಿಂದ, ಹೆಸರಿಲ್ಲದೆ ಹೇಳುತ್ತೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯನ್ನು ಕಳೆದುಕೊಂಡ ಮೇಲೆ ತಂಗಿಯ ದಾದಿಯರ ಶಿಕ್ಷಣದ ಶುಲ್ಕಕ್ಕಾಗಿ ಅಜ್ಜಿಯ ಹವಳದ ಸರವನ್ನು ಮಾರಬೇಕಾಯಿತು. ಅಂಗಡಿಯವನು ಸರವನ್ನು ಒಂದು ಗಳಿಗೆ ಬೆಳಕಿಗೆ ಹಿಡಿದು, "ಇದು ಗಾಜು ತಾಯಿ, ನಡುವಿನ ಚಿನ್ನದ ಗುಂಡುಗಳಿಗೆ ಮಾತ್ರ ಬೆಲೆ" ಎಂದು ಮುಂದಕ್ಕೆ ತಳ್ಳಿದನಂತೆ. ಅವಳು ದಾರಿಯಲ್ಲಿ ನಮ್ಮನ್ನು ಕಾಣಲು ಶಾಲೆಗೆ ಬಂದದ್ದು ಶುಕ್ರವಾರವಾಗಿತ್ತು. ಒಂಬತ್ತನೆಯ ತರಗತಿಯ ಮೂವರು ಹುಡುಗಿಯರು ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಹಿಡಿದು ಕುಳಿತರು. ಇಪ್ಪತ್ತಮೂರು ಮಣಿಗಳಲ್ಲಿ ಹತ್ತೊಂಬತ್ತರ ಮೈಮೇಲೆ ಕೂದಲಿಗಿಂತ ಸಣ್ಣವಾದ ಸಮಾನಾಂತರ ಗೆರೆಗಳಿದ್ದವು. ಹವಳದ ಹುಳುಗಳು ಕೊಂಬೆಯನ್ನು ಬೆಳೆಸಿದ ಗುರುತು ಅದು. ಉಳಿದ ನಾಲ್ಕರಲ್ಲಿ ಗೆರೆಗಳಿಲ್ಲ. ಒಳಗೆ ದುಂಡು ಗಾಳಿಗುಳ್ಳೆಗಳು, ತೂತಿನ ಅಂಚಿನಲ್ಲಿ ಚಕ್ಕೆ ಎದ್ದ ಕಡೆ ಗಾಜಿನ ಹೊಳಪು. ಎಂದೋ ಸರವನ್ನು ಮತ್ತೆ ಪೋಣಿಸಿದಾಗ ಕಳೆದುಹೋದವುಗಳ ಜಾಗಕ್ಕೆ ಈ ನಾಲ್ಕನ್ನು ಸೇರಿಸಿರಬೇಕು. ಅಂಗಡಿಯವನು ನೋಡಿದುದು ಅಂಥದೊಂದು ಮಣಿಯೇ ಆಗಿರಬಹುದು. ಅವನ ಮನಸ್ಸಿನಲ್ಲಿ ಏನಿತ್ತೆಂದು ನಾವು ಹೇಳಲಾರೆವು. ಅವಳು ಎರಡನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿಕೊಂಡು ಮತ್ತೊಂದು ಅಂಗಡಿಗೆ ಹೋಗಿ, ಅವರು ಬಾಯಿ ತೆರೆಯುವುದಕ್ಕೆ ಮೊದಲೇ "ಇವು ಹತ್ತೊಂಬತ್ತು ಹವಳ, ಇವು ನಾಲ್ಕು ಗಾಜು" ಎಂದು ಮುಂದಿಟ್ಟಳು. ತಂಗಿ ಈಗ ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ.

ಹವಳ, ಮುತ್ತು, ಅಂಬರು, ದಂತ, ಇವು ಖನಿಜಗಳಲ್ಲ. ಪ್ರಾಣಿಗಳಿಂದಲೋ ಮರಗಳಿಂದಲೋ ಬಂದವು. ಮೆಡಿಟರೇನಿಯನ್ ಸಮುದ್ರದ ಕೆಂಪು ಹವಳವನ್ನು ಭಾರತದವರು ಎಷ್ಟು ಆದರಿಸುತ್ತಿದ್ದರೆಂಬುದನ್ನು ರೋಮಿನ ಪ್ಲಿನಿಯು ೧ನೆಯ ಶತಮಾನದಲ್ಲಿಯೇ ಬರೆದಿದ್ದಾನೆ. ಕರಿಮಣಿಯ ನಡುವೆ ಹವಳವನ್ನು ಪೋಣಿಸುವ ಪದ್ಧತಿ ಇಂದಿಗೂ ನಮ್ಮ ಎಷ್ಟೋ ಮನೆತನಗಳಲ್ಲಿದೆ. ಇವೆಲ್ಲ ಮೃದು ಪದಾರ್ಥಗಳು. ಹವಳವೂ ಮುತ್ತೂ ಮೂರು ನಾಲ್ಕರ ಮೆಟ್ಟಿಲಿನವು, ಮತ್ತು ಎರಡೂ ಸುಣ್ಣದ ಜಾತಿಯವಾದುದರಿಂದ ಹುಳಿಗೆ ಕರಗುತ್ತವೆ. ಆದಕಾರಣ ಇಲ್ಲಿ ಒಂದು ಕಟ್ಟುನಿಟ್ಟಾದ ಎಚ್ಚರಿಕೆ: ಕಲ್ಲಿಗೆ ಮಾಡುವ ಪರೀಕ್ಷೆಯನ್ನು ಒಡವೆಗೆ ಮಾಡಕೂಡದು. ಗೀರುವುದು, ನಿಂಬೆರಸ ಹಾಕುವುದು, ಕಾದ ಸೂಜಿ ಚುಚ್ಚುವುದು, ಇವೆಲ್ಲ ಸತ್ಯವನ್ನು ತಿಳಿಸುತ್ತವೆ, ಒಡವೆಯನ್ನು ಕೆಡಿಸಿ ತಿಳಿಸುತ್ತವೆ. ಭೂತಗನ್ನಡಿ, ತುಟಿಗೆ ತಾಗಿಸಿದರೆ ತಿಳಿಯುವ ತಂಪು, ಕೈಗೆ ತಿಳಿಯುವ ಭಾರ, ನೀರಿನ ತೂಕ, ಇವಿಷ್ಟರಲ್ಲಿಯೇ ನಿಲ್ಲಬೇಕು. ಪ್ಲಾಸ್ಟಿಕ್ಕು ಹಗುರ, ತುಟಿಗೆ ಬೆಚ್ಚಗೆ.

ಮುತ್ತಿನ ವಿಷಯದಲ್ಲಿ ಹಲ್ಲಿಗೆ ಮೆಲ್ಲಗೆ ಉಜ್ಜಿ ನೋಡುವ ಹಳೆಯ ಕ್ರಮವಿದೆ. ನಿಜವಾದುದು ಸಣ್ಣ ಮರಳಿನಂತೆ ಒರಟು, ಗಾಜಿನ ಮುತ್ತು ಜಾರು. ಆದರೆ ಇದು ಅರ್ಧ ಸತ್ಯವನ್ನೇ ಹೇಳುತ್ತದೆ. ಜಪಾನಿನ ಮಿಕಿಮೊಟೊ ಕೋಕಿಚಿಯವರು ೧೮೯೩ರಲ್ಲಿ ಸಿಂಪಿನೊಳಗೆ ಅರೆಮುತ್ತನ್ನು ಬೆಳೆಸಿ ತೋರಿಸಿದಂದಿನಿಂದ ಮುತ್ತಿನ ಬೇಸಾಯವು ಹಬ್ಬಿತು. ಬೆಳೆಸಿದ ಮುತ್ತೂ ಹಲ್ಲಿಗೆ ಒರಟೇ, ಅದರ ಹೊರಪದರವೂ ನಿಜವಾದ ಮುತ್ತಿನದೇ; ಒಳಗೆ ಚಿಪ್ಪಿನ ಗುಂಡಿದೆಯೋ ಇಲ್ಲವೋ ಎಂದು ನಿರ್ಣಯಿಸುವುದಕ್ಕೆ ಕ್ಷಕಿರಣವೇ ಬೇಕು. ಹಾಗೆಯೇ ಕೆಂಪಿನ ವಿಷಯ. ಕುರುಂದವು ನಮ್ಮ ಮೈಸೂರು ಸೀಮೆಯ ಕಲ್ಲೂ ಹೌದು. ಇಂಗ್ಲಿಷಿನವರು ಅದಕ್ಕಿಟ್ಟ ಹೆಸರೂ ನಮ್ಮ ದಕ್ಷಿಣದ ಭಾಷೆಗಳಿಂದಲೇ ಹೋದುದು. ಅದೇ ಕುರುಂದ ಪಾರದರ್ಶಕವಾಗಿ ಕೆಂಪಾಗಿದ್ದರೆ ಮಾಣಿಕ್ಯ. ಫ್ರಾನ್ಸಿನ ವೆರ್ನೇಯರು ೧೯೦೨ರಲ್ಲಿ ಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯವನ್ನು ಮಾಡುವ ವಿಧಾನವನ್ನು ಪ್ರಕಟಿಸಿದರು. ಅದಕ್ಕೂ ಕಾಠಿನ್ಯ ಒಂಬತ್ತೇ, ಗುರುತ್ವವೂ ಅದೇ. ಒಳಗಿನ ಬಾಗಿದ ಗೆರೆಗಳನ್ನು ಪಳಗಿದ ಕಣ್ಣು ಮಾತ್ರ ಕಾಣಬಲ್ಲುದು. ಪುಷ್ಯರಾಗವೆಂಬ ಒಂದು ಹೆಸರಿನಡಿಯಲ್ಲಿಯಂತೂ ಹಳದಿ ಕುರುಂದ, ಟೋಪಾಜು, ಹಳದಿ ಬೆಣಚು ಮೂರೂ ಮಾರಾಟವಾಗುತ್ತವೆ. ಇಂಥ ಕಡೆ ನಮ್ಮ ಹುಡುಗಿಯು "ಇದು ನನ್ನಿಂದ ಆಗದು, ರತ್ನಪರೀಕ್ಷಾಲಯದ ಪ್ರಮಾಣಪತ್ರ ಬೇಕು" ಎಂದರೆ ಅವಳು ಪಾಠವನ್ನು ಚೆನ್ನಾಗಿ ಕಲಿತಿದ್ದಾಳೆಂದು ನಾವು ಪೂರ್ಣಾಂಕ ಕೊಡುತ್ತೇವೆ. ಗಾಜನ್ನು ಗೀರಿದರೆ ವಜ್ರವೆಂದು ಹೇಳುವವರ ಮುಂದೆ ಮಾತ್ರ ಅವಳು ಸುಮ್ಮನಿರಬೇಕಾಗಿಲ್ಲ. ನಮ್ಮ ಶಾಲೆಯ ಬಾಗಿಲಲ್ಲಿ ಬಿದ್ದಿರುವ ಬೆಣಚುಕಲ್ಲೂ ಗಾಜನ್ನು ಗೀರುತ್ತದೆ.

ಅಂಬರು ನಮ್ಮ ಮನೆಗಳಲ್ಲಿ ವಿರಳ. ಅದು ಮರದ ರಾಳ ಭೂಮಿಯಲ್ಲಿ ಹುದುಗಿ ಗಟ್ಟಿಯಾದುದು. ಉಪ್ಪನ್ನು ಕರಗುವಷ್ಟೂ ಕರಗಿಸಿದ ನೀರಿನಲ್ಲಿ ತೇಲುತ್ತದೆ, ಗಾಜು ಮುಳುಗುತ್ತದೆ. ಉಣ್ಣೆಗೆ ಉಜ್ಜಿದರೆ ಕಾಗದದ ಚೂರನ್ನು ಸೆಳೆಯುತ್ತದೆ. ಗ್ರೀಕರು ಅದಕ್ಕಿಟ್ಟ ಹೆಸರಿನಿಂದಲೇ ವಿದ್ಯುತ್ತಿಗೆ ಇಂಗ್ಲಿಷಿನಲ್ಲಿ ಹೆಸರು ಬಂದಿದೆ. ಪ್ಲಾಸ್ಟಿಕ್ಕೂ ಹೀಗೆ ಸೆಳೆಯುವುದರಿಂದ ಇದೊಂದನ್ನೇ ನಂಬುವಂತಿಲ್ಲ. ಗುಜರಾತಿನ ವಸ್ತಾನ್ ಎಂಬಲ್ಲಿಯ ಕಂದುಕಲ್ಲಿದ್ದಲಿನ ಗಣಿಯಲ್ಲಿ ಸುಮಾರು ೫ ಕೋಟಿ ವರ್ಷಗಳ ಹಿಂದಿನ ಅಂಬರು ದೊರೆತು, ಅದರೊಳಗೆ ಸಿಕ್ಕಿಬಿದ್ದ ಕೀಟಗಳ ವಿವರ ೨೦೧೦ರಲ್ಲಿ ಪ್ರಕಟವಾಯಿತು.

ಇಲ್ಲಿಂದ ಪಳೆಯುಳಿಕೆಗಳ ಕಡೆಗೆ ಒಂದೇ ಹೆಜ್ಜೆ. ಹುಡುಗಿಯರಿಗೆ ಹೆಚ್ಚಿನ ಆಸೆಯೂ ಅವುಗಳ ಮೇಲೆಯೇ. ಆದರೆ ನಮ್ಮ ನೆಲ ಅವುಗಳಿಗೆ ತಕ್ಕುದಲ್ಲ. ಲಾಲ್‌ಬಾಗಿನ ಬಂಡೆ ಸುಮಾರು ೩೦೦ ಕೋಟಿ ವರ್ಷಗಳಷ್ಟು ಹಳೆಯದು. ಆಗ ಎಲುಬಾಗಲಿ ಚಿಪ್ಪಾಗಲಿ ಇದ್ದ ಪ್ರಾಣಿಯೇ ಇರಲಿಲ್ಲ. ಬಾಗಲಕೋಟೆಯ ಕಡೆಯ ಕಲಾದಗಿಯ ಸುಣ್ಣಶಿಲೆಗಳಲ್ಲಿ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಗುಮ್ಮಟಗಳಿವೆ. ಅವೇ ನಮ್ಮ ಪಾಲಿನ ಹಿರಿಯ ಪಳೆಯುಳಿಕೆಗಳು. ಒಂದು ದಿನ ಒಬ್ಬ ಹುಡುಗಿ ಶಹಾಬಾದಿನ ಹಾಸುಗಲ್ಲಿನ ತುಂಡೊಂದನ್ನು ತಂದಳು. ಅದರ ಮೇಲೆ ಜರಿಗಿಡದ ಎಲೆಯಂತೆ ಕವಲೊಡೆದ ಕಪ್ಪು ಚಿತ್ರ. ತರಗತಿಯೆಲ್ಲ ಹಿಗ್ಗಿತು. ಎಲೆಯಾದರೆ ನಡುವೆ ಒಂದು ದಂಟಿರಬೇಕು, ನರಗಳು ಒಂದು ಕ್ರಮದಲ್ಲಿರಬೇಕು. ಇದರಲ್ಲಿ ಕವಲುಗಳು ಕಲ್ಲಿನ ಬಿರುಕಿನಿಂದ ಹೊರಟು ಮನಬಂದಂತೆ ಹರಡಿದ್ದವು. ಅದು ಮ್ಯಾಂಗನೀಸಿನ ನೀರು ಬಿರುಕಿನಲ್ಲಿ ಇಂಗಿ ಬಿಡಿಸಿದ ಚಿತ್ರ. ಮೇಲಾಗಿ ಆ ಕಲ್ಲು ಹುಟ್ಟಿದಾಗ ಭೂಮಿಯ ಮೇಲೆ ಜರಿಗಿಡವೇ ಇರಲಿಲ್ಲ. ಹುಡುಗಿಯ ಮುಖ ಬಾಡಿತು. ಆದರೂ ಆ ಕಲ್ಲನ್ನು ಅವಳೇ ಬೀರುವಿನಲ್ಲಿಟ್ಟು, "ಜರಿಗಿಡವಲ್ಲ" ಎಂದು ಚೀಟಿ ಬರೆದಳು. ನಮ್ಮ ಬೀರುವಿನ ಎಲ್ಲಾ ಚೀಟಿಗಳಲ್ಲಿ ಅದು ನಮಗೆ ಬಹು ಪ್ರಿಯವಾದುದು.

ಮತ್ತೊಬ್ಬಳು, "ಅಮ್ಮ, ನಮ್ಮ ಮನೆಯ ಸಾಲಿಗ್ರಾಮವನ್ನು ತರಲೇ?" ಎಂದು ಕೇಳಿದಳು. ಬೇಡವೆಂದೆವು. ಪೂಜೆಯಲ್ಲಿರುವ ವಸ್ತು ತರಗತಿಯ ಮೇಜಿನ ಮೇಲೆ ಬರಬೇಕಾದುದಲ್ಲ. ಹಿರಿಯರ ಅಪ್ಪಣೆ ಪಡೆದು ಮನೆಯಲ್ಲಿಯೇ ದೂರದಿಂದ ನೋಡು ಎಂದೆವು. ನೇಪಾಳದ ಗಂಡಕೀ ನದಿಯ ಆ ಕರಿಯ ಕಲ್ಲಿನೊಳಗಿನ ಚಕ್ರವು, ಹಿಮಾಲಯವಿನ್ನೂ ಏಳದೆ ಅಲ್ಲಿ ಕಡಲಿದ್ದಾಗ, ಸುಮಾರು ೧೫ ಕೋಟಿ ವರ್ಷಗಳ ಹಿಂದೆ ಬದುಕಿದ್ದ ಅಮೊನೈಟ್ ಎಂಬ ಜೀವಿಯ ಸುರುಳಿ ಚಿಪ್ಪು. ಈ ಮಾತಿನಿಂದ ಅವಳ ಮನೆಯವರ ಗೌರವ ಕುಂದಲಿಲ್ಲವೆಂದೂ, ಅವಳ ತಾತನವರು ಎರಡು ಸಲ ಹೇಳಿಸಿ ಕೇಳಿದರೆಂದೂ ತಿಳಿದು ಸಂತೋಷವಾಯಿತು.

ಬಂಡೆ ಹತ್ತುವುದು ಹೆಣ್ಣಿಗೆ ತಕ್ಕುದಲ್ಲವೆಂದವರಿಗೆ ನಾವು ಮೇರಿ ಆನ್ನಿಂಗ್ ಎಂಬವಳ ಚರಿತ್ರೆಯನ್ನು ಹೇಳುತ್ತೇವೆ. ಇಂಗ್ಲೆಂಡಿನ ತೆಂಕಣ ಕರಾವಳಿಯ ಲೈಮ್ ರೀಜಿಸ್‌ನಲ್ಲಿ ೧೭೯೯ರಲ್ಲಿ ಬಡ ಮರಗೆಲಸದವನ ಮಗಳಾಗಿ ಹುಟ್ಟಿದಳು. ಓದುಬರಹವನ್ನು ಕಲಿತುದು ಭಾನುವಾರದ ಶಾಲೆಯಲ್ಲಿ. ೧೮೧೦ರಲ್ಲಿ ತಂದೆ ತೀರಿಕೊಂಡು ಸಾಲ ಉಳಿಯಿತು. ಕಡಲಂಚಿನ ಕುಸಿಯುವ ದಿಬ್ಬಗಳಲ್ಲಿ ಸಿಕ್ಕುವ ಸುರುಳಿ ಕಲ್ಲುಗಳನ್ನು ಪ್ರವಾಸಿಗಳಿಗೆ ಮಾರಿ ಮನೆ ನಡೆಯಬೇಕಾಯಿತು. ಅಣ್ಣ ೧೮೧೧ರಲ್ಲಿ ಕಂಡ ತಲೆಬುರುಡೆಯ ಉಳಿದ ಭಾಗವನ್ನು ಮರುವರ್ಷ ಇವಳು ಪತ್ತೆಹಚ್ಚಿದಳು. ಅದು ಇಕ್ತಿಯೋಸಾರ್ ಎಂಬ ಕಡಲ ಪ್ರಾಣಿ. ೧೮೨೩ರಲ್ಲಿ ಹೊರತೆಗೆದ ಉದ್ದ ಕೊರಳಿನ ಪ್ಲೀಸಿಯೋಸಾರ್ ಪ್ರಾಣಿಯನ್ನು ಫ್ರಾನ್ಸಿನ ಮಹಾಪಂಡಿತ ಕುವ್ಯೇ ಮೊದಲು ಶಂಕಿಸಿ, ಪರೀಕ್ಷೆಯಾದ ಮೇಲೆ ಒಪ್ಪಬೇಕಾಯಿತು. ಪುರಾತನ ಜೀವಿಗಳನ್ನು ಅರಿಯುವುದಕ್ಕಾಗಿ ಅವಳು ಈಗಿನ ಮೀನುಗಳನ್ನು ಕೊಯ್ದು ನೋಡುತ್ತಿದ್ದಳು. ಆ ಪ್ರಾಣಿಗಳ ಹೊಟ್ಟೆಯ ಭಾಗದಲ್ಲಿ ಸಿಕ್ಕುತ್ತಿದ್ದ ವಿಚಿತ್ರ ಉಂಡೆಗಳನ್ನು ಒಡೆದು, ಒಳಗೆ ಮೀನಿನ ಮುಳ್ಳು ಹುರುಪೆಗಳನ್ನು ಕಂಡಳು. ಅವು ಕಲ್ಲಾದ ಮಲವೆಂದು ಪಂಡಿತರು ನಿರ್ಣಯಿಸುವುದಕ್ಕೆ ಇವಳ ಈ ಗಮನವೇ ದಾರಿಯಾಯಿತು. ೧೮೩೩ರಲ್ಲಿ ದಿಬ್ಬ ಕುಸಿದು ಅವಳ ನಾಯಿ ಕಣ್ಣೆದುರಿಗೇ ಸತ್ತಿತು. ಮರುದಿನದ ಹೊಟ್ಟೆಪಾಡು ಅದೇ ದಿಬ್ಬದಲ್ಲಿತ್ತು. ಅವಳು ತೆಗೆದುಕೊಟ್ಟವುಗಳ ಮೇಲೆ ಪ್ರಬಂಧಗಳನ್ನು ಓದಿ ಹೆಸರು ಪಡೆದವರಲ್ಲಿ ಹಲವರು ಅವಳ ಹೆಸರನ್ನೆತ್ತಲಿಲ್ಲ. ೧೮೪೭ರಲ್ಲಿ ತೀರಿಕೊಂಡಳು. ಲಂಡನ್ನಿನ ಭೂವಿಜ್ಞಾನ ಸಂಘವು ಸ್ತ್ರೀಯರನ್ನು ಸದಸ್ಯರನ್ನಾಗಿ ಸೇರಿಸಿಕೊಂಡುದು ೧೯೧೯ರಲ್ಲಿ. ನಮ್ಮ ದೇಶದ ಸುದೀಪ್ತಾ ಸೇನ್‌ಗುಪ್ತಾ ಅವರು ೧೯೮೩ರಲ್ಲಿ ಅಂಟಾರ್ಕಟಿಕಾಕ್ಕೆ ಹೋದುದು ಅಲ್ಲಿಯ ಬಂಡೆಗಳನ್ನು ಅಭ್ಯಸಿಸುವುದಕ್ಕಾಗಿಯೇ. ಇ‌ಷ್ಟಾದ ಮೇಲೆಯೂ ಶಾಲೆಯ ಹಿಂದಿನ ಮೋಟು ಬಂಡೆ ನಮ್ಮ ಹುಡುಗಿಯರಿಗೆ ಎತ್ತರವಾಯಿತೇ? ಹಾವಿನ ಭಯವನ್ನು ಹೇಳಿದವರ ಮಾತು ಮಾತ್ರ ಸರಿಯಾದುದು. ಮಳೆಗಾಲದಲ್ಲಿ ಹೋಗುವುದಿಲ್ಲ, ಉಳಿದ ಕಾಲದಲ್ಲಿಯೂ ಮೊಣಕಾಲಿಗೆ ಬರುವ ಪಾದರಕ್ಷೆ, ಕೈಯಲ್ಲೊಂದು ಕೋಲು, ಇಬ್ಬರು ಉಪಾಧ್ಯಾಯಿನಿಯರು ಇಲ್ಲದೆ ಒಬ್ಬರನ್ನೂ ಬಿಡುವುದಿಲ್ಲ.

ಈಚೆಗೆ ಕೇಳಿಬರುವ ಮತ್ತೊಂದು ಮಾತಿದೆ. ಕಲ್ಲಿನ ಚಿತ್ರವನ್ನು ಮೊಬೈಲಿಗೆ ತೋರಿಸಿದರೆ ಅದೇ ಹೆಸರು ಹೇಳುವಾಗ ಇಷ್ಟೆಲ್ಲ ಏಕೆ ಎಂದು ಮಕ್ಕಳೇ ಕೇಳುತ್ತಾರೆ. ನಾವು ಅದನ್ನು ನಿಷೇಧಿಸಲಿಲ್ಲ, ತರಗತಿಗೇ ತರಿಸಿದೆವು. ಸಂಡೂರಿನ ಒಂದೇ ತುಂಡನ್ನು ಒಣಗಿದ್ದಾಗ, ಒದ್ದೆ ಮಾಡಿದಾಗ, ಬಿಸಿಲಿನಲ್ಲಿಟ್ಟಾಗ ತೋರಿಸಿದೆವು. ಮೂರು ಹೆಸರುಗಳು ಬಂದವು. ಚಿತ್ರಕ್ಕೆ ಭಾರವಿಲ್ಲ, ಗಡಸಿಲ್ಲ, ಒರೆಯಿಲ್ಲ; ಇರುವುದು ಬಣ್ಣವೊಂದೇ, ಅದೇ ಎಲ್ಲಕ್ಕಿಂತ ನಂಬಲಾಗದ ಸಾಕ್ಷಿ. ಯಂತ್ರ ಹೇಳಿದ ಹೆಸರನ್ನು ಬಿಲ್ಲೆಯ ಮೇಲೆ ಉಜ್ಜಿ ನೋಡುವ ಹುಡುಗಿಗೆ ಯಂತ್ರದಿಂದ ಅಪಾಯವಿಲ್ಲ.

ಬರುವ ವರ್ಷ ಹತ್ತನೆಯ ತರಗತಿಯನ್ನು ಬಿಟ್ಟು ಉಳಿದೆಲ್ಲ ತರಗತಿಗಳಿಗೂ ಈ ಪಾಠವನ್ನು ವಿಸ್ತರಿಸಬೇಕೆಂದಿದ್ದೇವೆ. ಇದಕ್ಕೆ ತಂದೆತಾಯಿಗಳ ಒಪ್ಪಿಗೆಯನ್ನೂ, ಹಳೆಯ ವಿದ್ಯಾರ್ಥಿನಿಯರಿಂದ ಕಲ್ಲುಗಳನ್ನೂ ಬೇಡುತ್ತೇವೆ. ತಾವಿರುವ ಊರಿನ ಸಾಮಾನ್ಯವಾದ ಕಲ್ಲೇ ನಮಗೆ ಬೇಕು. ಚೆಲುವಾದುದು ಬೇಡ, ಬೆಲೆಯುಳ್ಳದ್ದೂ ಬೇಡ. ಮುಷ್ಟಿಯಷ್ಟಿದ್ದರೆ ಸಾಕು, ಒಂದು ಮಗ್ಗುಲಾದರೂ ಹೊಸದಾಗಿ ಒಡೆದುದಾಗಿರಲಿ, ಏಕೆಂದರೆ ಹೊರಮೈ ಬಿಸಿಲು ಮಳೆಗಳಿಂದ ಬಣ್ಣಗೆಟ್ಟಿರುತ್ತದೆ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದ ಕಂಬಶಿಲೆಗಳನ್ನಾಗಲಿ ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾಶಿಲೆಗಳನ್ನಾಗಲಿ ಯಾರೂ ಮುರಿದು ತರಬಾರದು. ಅವು ರಾಷ್ಟ್ರದ ಭೂವೈಜ್ಞಾನಿಕ ಸ್ಮಾರಕಗಳು. ಕಡಲತೀರದ ಬಂಡೆಹವಳವನ್ನೂ ಕಳುಹಿಸಬೇಡಿರಿ, ಅದು ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದ ರಕ್ಷಣೆಗೆ ಒಳಪಟ್ಟಿದೆ. ಆನೆಯ ದಂತದ ಮಾರಾಟವೂ ನಮ್ಮ ದೇಶದಲ್ಲಿ ನಿಷಿದ್ಧ. ಕಲ್ಲಿನ ಜೊತೆಗೆ ಒಂದು ಚೀಟಿಯಲ್ಲಿ ದೊರೆತ ಸ್ಥಳ, ಹೊಲವೋ ಹಳ್ಳವೋ ಬಾವಿ ತೋಡಿದ ಮಣ್ಣೋ ಎಂಬ ವಿವರ, ಮತ್ತು ದಿನಾಂಕವನ್ನು ಬರೆದಿಡಬೇಕು. ಕಲ್ಲಿನ ಹೆಸರನ್ನು ಮಾತ್ರ, ತಮಗೆ ಗೊತ್ತಿದ್ದರೂ, ದಯವಿಟ್ಟು ಬರೆಯಬೇಡಿರಿ.